ಮಡಿಸುವ ಚಾಕು: ಅದನ್ನು ಆರಿಸಿಕೊಳ್ಳುವ ಬಗೆ

ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ರಾತ್ರಿಯ ವೇಳೆ ಕಣ್ಣಿಯನ್ನು ಕಾಲಿಗೆ ಸುತ್ತಿಕೊಂಡು ಬಿದ್ದು, ಹಗ್ಗವು ಕೊರಳನ್ನು ಬಿಗಿಯುತ್ತಿರುವಾಗ, ಗಂಟನ್ನು ಬಿಚ್ಚುವುದಕ್ಕೆ ಅವಕಾಶವಿರುವುದಿಲ್ಲ. ಎಳೆತಕ್ಕೆ ಸಿಕ್ಕಿದ ಗಂಟು ಸುಲಭವಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಒಬ್ಬನು ಮನೆಗೆ ಓಡಿ ಮಚ್ಚನ್ನು ತರುವಷ್ಟರಲ್ಲಿ ಎತ್ತು ಉಸಿರುಗಟ್ಟಿ ಸಾಯಬಹುದು. ತಂದ ಮಚ್ಚನ್ನು ಕತ್ತಲೆಯಲ್ಲಿ ಒದ್ದಾಡುವ ಪ್ರಾಣಿಯ ಕೊರಳ ಬಳಿ ಬೀಸುವುದು ಮತ್ತೊಂದು ಅಪಾಯವು. ಜೇಬಿನಲ್ಲಿ ಹರಿತವಾದ ಮಡಿಸುವ ಚಾಕು ಇದ್ದಲ್ಲಿ ಈ ಕೆಲಸವು ಕ್ಷಣಮಾತ್ರದ್ದು.

ಇಂಥ ವಿಪತ್ತು ಅಪರೂಪವಾದರೂ ಚಾಕುವಿನ ಉಪಯೋಗವು ನಿತ್ಯವೂ ಉಂಟು. ಗೋಣಿಚೀಲದ ಹೊಲಿಗೆಯನ್ನು ಬಿಡಿಸುವುದು, ನೊಗದ ಜತ್ತಿಗೆಗೆ ರಂಧ್ರ ಮಾಡುವುದು, ಸುಳಿ ಒಣಗಿದ ಬತ್ತದ ತೆಂಡೆಯನ್ನು ಸೀಳಿ ಕಾಂಡಕೊರಕ ಹುಳುವನ್ನು ಹುಡುಕುವುದು, ಇವೆಲ್ಲ ಅದರಿಂದಲೇ ಆಗತಕ್ಕ ಕೆಲಸಗಳು. ಬಿತ್ತನೆಯ ಕಬ್ಬನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಗೆ ಕೆಂಪು ಬಣ್ಣವೂ ನಡುನಡುವೆ ಅಡ್ಡಲಾದ ಬಿಳಿಯ ಮಚ್ಚೆಗಳೂ ಕಂಡುಬಂದರೆ ಅದು ಕೆಂಪು ಕೊಳೆ ರೋಗದ ಗುರುತು. ಆ ಬೀಜವನ್ನು ನಾಟಿ ಮಾಡದೆ ಬಿಟ್ಟರೆ ಒಂದು ವರ್ಷದ ನಷ್ಟವು ತಪ್ಪುವುದು.

ಒಳ್ಳೆಯ ಚಾಕುವಿಗೆ ಹೆಚ್ಚು ಹಣ ಕೊಡಬೇಕಾದ ಅವಶ್ಯಕವಿಲ್ಲ. ಕೊಡುವ ಹಣವು ಅಲಗಿಗೂ ಕೀಲಿಗೂ ಸಲ್ಲಬೇಕೇ ಹೊರತು ಹೊಳಪಿಗೂ ಅಲಂಕಾರಕ್ಕೂ ಸಲ್ಲಬಾರದೆಂಬುದು ಮುಖ್ಯವಾದ ನಿಯಮವು. ಕಡಿಮೆ ಬೆಲೆಗೆ ಕತ್ತರಿ, ತಿರುಪುಳಿ ಮೊದಲಾದ ಹತ್ತು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಸೇರಿಸಿ ಮಾರಿದಲ್ಲಿ, ಅವುಗಳಲ್ಲಿ ಒಂದೂ ಉತ್ತಮವಾಗಿರುವುದು ಕಷ್ಟ. ಅದೇ ಬೆಲೆಗೆ ಒಂದೇ ಅಲಗಿನ ಸಾದಾ ಚಾಕುವನ್ನು ಕೊಳ್ಳುವುದು ಮೇಲು.

ಅಲಗು.— 3ರಿಂದ 3½ ಅಂಗುಲ ಉದ್ದವೂ ಸುಮಾರು 2 ಮಿಲಿಮೀಟರು ದಪ್ಪವೂ ಇರುವ ಅಲಗು ದಿನಬಳಕೆಗೆ ಸಾಕು. ಉಕ್ಕಿನಲ್ಲಿ ಎರಡು ಬಗೆಗಳುಂಟು. ಇಂಗಾಲದ ಉಕ್ಕು ಸಾಧಾರಣ ಸಾಣೆಕಲ್ಲಿನ ಮೇಲೆಯೇ ಬೇಗ ಹರಿತವಾಗುವುದು. ಆದರೆ ತೇವದಿಂದ ತುಕ್ಕು ಹಿಡಿಯುವುದು, ನಿಂಬೆ, ಮಾವುಗಳ ಹುಳಿಯಿಂದ ಕಪ್ಪಾಗುವುದು. ಈ ಕಪ್ಪು ದೋಷವಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಲೋಹವಿರುವುದರಿಂದ ಅದು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಅಗ್ಗದ ಚಾಕುಗಳಲ್ಲಿ ಈ ಉಕ್ಕು ಅನೇಕವೇಳೆ ಮೆದುವಾಗಿದ್ದು ಬೇಗ ಮೊಂಡಾಗುವುದು. ಒರೆಸಿಡುವ ಅಭ್ಯಾಸವುಳ್ಳವರಿಗೆ ಇಂಗಾಲದ ಉಕ್ಕೂ, ಮಳೆನಾಡಿನವರಿಗೂ ಕರಾವಳಿಯವರಿಗೂ ಸ್ಟೇನ್‌ಲೆಸ್ ಉಕ್ಕೂ ಅನುಕೂಲವು.

ಕೀಲು ಮತ್ತು ತಡೆ.— ಬೆನ್ನಿನ ಸ್ಪ್ರಿಂಗಿನ ಒತ್ತಡದಿಂದ ಮಾತ್ರ ತೆರೆದು ನಿಲ್ಲುವ ಚಾಕುವಿನ ತುದಿಯನ್ನು ತೊಗಲಿಗೋ ಮರಕ್ಕೋ ಚುಚ್ಚಿ ಒತ್ತಿದರೆ, ಅಲಗು ಹಿಂದಕ್ಕೆ ಮಡಿಚಿಕೊಂಡು ಹಿಡಿದ ಬೆರಳುಗಳ ಮೇಲೆಯೇ ಬೀಳುವುದು. ಮಡಿಸುವ ಚಾಕುವಿನಿಂದ ಉಂಟಾಗುವ ಆಳವಾದ ಗಾಯಗಳಿಗೆ ಇದೊಂದು ಮುಖ್ಯ ಕಾರಣವು. ಆದುದರಿಂದ ತೆರೆದ ಅಲಗನ್ನು ಬಿಗಿಯಾಗಿ ನಿಲ್ಲಿಸುವ ತಡೆಯುಳ್ಳ ಚಾಕುವನ್ನೇ ಆರಿಸತಕ್ಕದ್ದು. ತಡೆಯು ಬೆನ್ನಿನ ಕೊಂಡಿಯಾಗಿರಬಹುದು, ಹಿಡಿಯೊಳಗಿನ ತಗಡಾಗಿರಬಹುದು, ಇಲ್ಲವೆ ತಿರುಗಿಸುವ ಉಂಗುರವಾಗಿರಬಹುದು. ಫ್ರಾನ್ಸ್ ದೇಶದ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ರೂಪಿಸಿದ, ಮರದ ಹಿಡಿಯ ಸಾದಾ ಚಾಕುವಿಗೆ 1955ರಲ್ಲಿ ಇಂಥ ಉಂಗುರವನ್ನು ಸೇರಿಸಲಾಯಿತು. ಅಲ್ಲಿಯ ರೈತರ ಜೇಬಿಗೆಂದು ಹುಟ್ಟಿದ ಈ ಚಾಕು ಇಂದಿಗೂ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಿರುವುದು. ಅಲ್ಪ ಬೆಲೆಯ ಚಾಕು ಹೇಗಿರಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನವು.

ಹಿಡಿ.— ಹಿಡಿಯು ಅಂಗೈಯನ್ನು ತುಂಬುವಂತೆಯೂ, ಒದ್ದೆಯ ಕೈಯಲ್ಲಿ ಜಾರದಂತೆಯೂ ಇರಬೇಕು. ನುಣುಪಾದ ಲೋಹದ ಹಿಡಿಗಿಂತ ಮರದ್ದಾಗಲಿ, ಗೀರುಳ್ಳ ಪ್ಲಾಸ್ಟಿಕ್ಕಿನದಾಗಲಿ ವಾಸಿ. ಮರದ ಹಿಡಿಯು ನೀರು ಕುಡಿದು ಉಬ್ಬಿ ಅಲಗನ್ನು ಬಿಗಿಹಿಡಿಯುವುದುಂಟು. ಒಣಗಿಸಿ ಎಣ್ಣೆ ಸವರಿದರೆ ಸರಿಹೋಗುವುದು.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆಗಳು.— (1) ಚಾಕುವನ್ನು ತೆರೆದು, ಅಲಗಿನ ಬೆನ್ನನ್ನು ಹಿಡಿದು ಎಡಬಲಕ್ಕೆ ಅಲುಗಿಸಿ ನೋಡುವುದು. ಹೊಸ ಚಾಕುವಿನ ಕೀಲೇ ಅಲುಗಾಡಿದರೆ ಅದನ್ನು ಬಿಡತಕ್ಕದ್ದು. (2) ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಹಲಗೆಯ ಮೇಲೆ ಮೆಲ್ಲಗೆ ಒತ್ತುವುದು, ತಡೆಯು ಜಾರಬಾರದು. (3) ಮಡಿಚಿದಾಗ ತುದಿಯು ಹಿಡಿಯೊಳಗೆ ಪೂರ್ತಿಯಾಗಿ ಅಡಗಬೇಕು. (4) ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವುದು. ಬಿಳಿಯ ಗೆರೆಯಾಗಿ ಹೊಳೆದ ಕಡೆ ಅದು ಮೊಂಡಾಗಿದೆಯೆಂದು ತಿಳಿಯಬೇಕು. (5) ಮನೆಯಲ್ಲಿ ಒಣಬಿದಿರನ್ನು ಕೆತ್ತಿ ನೋಡುವುದು. ಬಾಯಿ ಮುರಿದರೆ ಹದವು ಹೆಚ್ಚೆಂದೂ, ಮಡಿಚಿಕೊಂಡರೆ ಕಡಿಮೆಯೆಂದೂ ಅರ್ಥ. ಅಂಗಡಿಯವರೊಡನೆ ಬದಲಾಯಿಸಿಕೊಳ್ಳುವ ಮಾತನ್ನು ಮೊದಲೇ ಆಡಿಕೊಂಡಿರುವುದು ಒಳ್ಳೆಯದು.

ಕಾಪಾಡುವ ಕ್ರಮ.— ಬಾಯಿಯ ಎರಡು ಮಗ್ಗುಲುಗಳನ್ನೂ ಸುಮಾರು 20 ಡಿಗ್ರಿ ಓರೆಯಲ್ಲಿ, ನೀರು ಹಾಕಿದ ಸಾಣೆಕಲ್ಲಿನ ಮೇಲೆ ಮಸೆಯಬೇಕು. ವೇಗವಾಗಿ ತಿರುಗುವ ಒಣ ಚಕ್ರಕ್ಕೆ ಹಿಡಿದು ಕಿಡಿ ಹಾರಿಸಿದರೆ ಅಲಗು ಕಾಯುವುದು. ಇಂಗಾಲದ ಉಕ್ಕು ನೀಲಿ ಬಣ್ಣಕ್ಕೆ ತಿರುಗಿದರೆ ಆ ಭಾಗದ ಹದವು ಹೋಯಿತೆಂದೇ ತಿಳಿಯಬೇಕು. ಇದೇ ಕಾರಣದಿಂದ ರೋಗದ ಗಿಡವನ್ನು ಕತ್ತರಿಸಿದ ಚಾಕುವನ್ನು ಬೆಂಕಿಗೆ ಹಿಡಿಯದೆ, ತೊಳೆದು ಸ್ಪಿರಿಟ್ಟಿನಿಂದ ಒರೆಸಬೇಕು. ಆಲೂಗೆಡ್ಡೆಯ ಬಾಡುವ ರೋಗವು ಬೀಜದ ಗೆಡ್ಡೆಯನ್ನು ಹೋಳು ಮಾಡುವ ಚಾಕುವಿನ ಮೂಲಕವೇ ಒಂದರಿಂದ ಮತ್ತೊಂದಕ್ಕೆ ಹರಡಬಲ್ಲದು. ಕರುವಿನ ಹೊಕ್ಕುಳ ಬಳ್ಳಿಗೆ ಜೇಬಿನ ಚಾಕುವನ್ನು ತಾಗಿಸಲೇಬಾರದು. ಕಸಿ ಕಟ್ಟುವುದಕ್ಕೂ ಬೇರೆ ಚಾಕುವೇ ತಕ್ಕುದು. ಕೈಗೆ ಗಾಯವಾದರೆ ಸಾಬೂನಿನಿಂದ ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ಕಾಣತಕ್ಕದ್ದು.

ಕಾನೂನು.— 1959ರ ಆಯುಧ ಕಾಯಿದೆಯ ಮೇರೆಗೆ ರಚಿತವಾದ 2016ರ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಚಾಕುಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಗೃಹಕೃತ್ಯಕ್ಕೂ ವ್ಯವಸಾಯಕ್ಕೂ ಮಾಡಿದವುಗಳಿಗೆ ವಿನಾಯಿತಿಯುಂಟು. ಮೇಲೆ ಹೇಳಿದ ಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೂ ನಿಷೇಧಾಜ್ಞೆಯಿರುವ ದಿನಗಳಲ್ಲಿಯೂ, ಜಾತ್ರೆಯ ಜನಸಂದಣಿಯಲ್ಲಿಯೂ, ನ್ಯಾಯಾಲಯಕ್ಕೆ ಹೋಗುವಾಗಲೂ ಅದನ್ನು ಮನೆಯಲ್ಲಿಯೇ ಬಿಡುವುದು ವಿವೇಕವು. ಗುಂಡಿಯನ್ನು ಒತ್ತಿದೊಡನೆ ಹಾರಿ ತೆರೆಯುವ ಚಾಕುವಿನಿಂದ ವ್ಯವಸಾಯಗಾರನಿಗೆ ಪ್ರಯೋಜನವಿಲ್ಲ.

ಕಡೆಯದಾಗಿ, ಜಮೀನುದಾರರು ತಮಗಾಗಿ ಕೊಳ್ಳುವ ಚಾಕುವನ್ನು ನಾಲ್ಕು ಸಲ ನೋಡುವರಾದರೂ, ಆಳುಗಳಿಗಾಗಿ ಕೊಳ್ಳುವಾಗ ಕೈಗೆ ಸಿಕ್ಕಿದ ಅಗ್ಗದ್ದನ್ನು ತರುವುದುಂಟು. ದಿನವೆಲ್ಲಾ ಚಾಕುವನ್ನು ಹಿಡಿಯುವವರು ಆಳುಗಳೇ; ಕೀಲು ಜಾರಿದರೆ ಹೋಗುವುದು ಅವರ ಬೆರಳು, ಅದರೊಡನೆ ಅವರ ದುಡಿಮೆ. ಆದುದರಿಂದ ತಡೆಯುಳ್ಳ ಚಾಕುವನ್ನು ಮೊದಲು ಅವರಿಗೆ ಒದಗಿಸಿ, ತೆರೆಯುವ, ಮಡಿಸುವ ಮತ್ತು ಮಸೆಯುವ ರೀತಿಯನ್ನು ಒಂದು ಸಲ ಮಾಡಿ ತೋರಿಸುವುದು ಉಚಿತವು.