ಬ್ರಹ್ಮಕಮಲ (ಕಳ್ಳಿ ಜಾತಿಯ ಸಸ್ಯ)

ಬ್ರಹ್ಮಕಮಲವು ಕ್ಯಾಕ್ಟೇಸಿ ಕುಟುಂಬಕ್ಕೆ ಸೇರಿದ, ರಾತ್ರಿ ವೇಳೆ ಹೂ ಬಿಡುವ ಒಂದು ಅಲಂಕಾರಿಕ ಸಸ್ಯ. ಇದರ ವೈಜ್ಞಾನಿಕ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಾಲಮ್. ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳು ಇದರ ಮೂಲಸ್ಥಾನ. ಕರ್ನಾಟಕದಲ್ಲಿ ಮನೆಯಂಗಳ, ಹಿತ್ತಲು ಮತ್ತು ಮಾಳಿಗೆಗಳ ಮೇಲೆ ಕುಂಡಗಳಲ್ಲಿ ಇದನ್ನು ಬೆಳೆಸುತ್ತಾರೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡದಂತಹ ಒಣ ಹವೆಯ ಊರುಗಳಲ್ಲಿ ಈ ಸಸ್ಯವನ್ನು ಬೆಳೆಸಲು ಮಣ್ಣು, ನೀರು ಮತ್ತು ನೆರಳಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ಹೆಸರು ಮತ್ತು ವರ್ಗೀಕರಣ

ಬ್ರಹ್ಮಕಮಲ ಎಂಬ ಹೆಸರು ಎರಡು ಬೇರೆ ಬೇರೆ ಸಸ್ಯಗಳಿಗೆ ಬಳಕೆಯಲ್ಲಿದೆ. ಹಿಮಾಲಯದಲ್ಲಿ ಸುಮಾರು 3,700 ಮೀಟರಿಗಿಂತ ಎತ್ತರದ ಪ್ರದೇಶಗಳಲ್ಲಿ ಬೆಳೆಯುವ ಸೌಸುರಿಯ ಆಬ್ವಲ್ಲಾಟಾ ಎಂಬುದು ಉತ್ತರಾಖಂಡದ ರಾಜ್ಯಪುಷ್ಪ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ದಕ್ಷಿಣ ಭಾರತದ ಬಯಲುಸೀಮೆಯ ಬಿಸಿಲಿನಲ್ಲಿ ಬದುಕಲಾರದು. ಕರ್ನಾಟಕದ ಮನೆಗಳಲ್ಲಿ ಅರಳುವುದು ಅಮೆರಿಕ ಮೂಲದ ಕಳ್ಳಿಯೇ. ಇದನ್ನು ಕೇರಳದಲ್ಲಿ ನಿಶಾಗಂಧಿ ಎಂದೂ ಶ್ರೀಲಂಕಾದಲ್ಲಿ ಕಡುಪುಲ್ ಎಂದೂ ಕರೆಯುತ್ತಾರೆ.

ಹೊಲದ ಬದುಗಳಲ್ಲಿ ಕಾಣುವ ಪಾಪಾಸುಕಳ್ಳಿಯೂ ಕ್ಯಾಕ್ಟೇಸಿ ಕುಟುಂಬದ್ದೇ ಆಗಿದೆ. ಆದರೆ ಬೇಲಿಗೆ ಬಳಸುವ ಹಾಲುಗಳ್ಳಿ ಯೂಫೋರ್ಬಿಯೇಸಿ ಕುಟುಂಬಕ್ಕೆ ಸೇರಿದೆ. ಮುರಿದಾಗ ಬಿಳಿಯ ಹಾಲು ಒಸರುವುದೇ ಅದರ ಗುರುತು. ಬ್ರಹ್ಮಕಮಲದಲ್ಲಿ ಇಂತಹ ಹಾಲು ಇರುವುದಿಲ್ಲ.

ಸಸ್ಯದ ರಚನೆ

ಈ ಗಿಡದಲ್ಲಿ ಎಲೆಗಳಂತೆ ಕಾಣುವ ಚಪ್ಪಟೆಯಾದ ಹಸಿರು ಭಾಗಗಳು ವಾಸ್ತವವಾಗಿ ಕಾಂಡಗಳು. ಆಹಾರ ತಯಾರಿಕೆ ಈ ಕಾಂಡಗಳಲ್ಲಿಯೇ ನಡೆಯುತ್ತದೆ. ಕಾಂಡದ ಅಂಚಿನಲ್ಲಿರುವ ಕಚ್ಚುಗಳಿಂದ ಹೊಸ ಕವಲುಗಳೂ ಮೊಗ್ಗುಗಳೂ ಹೊರಡುತ್ತವೆ. ಇದರಿಂದಾಗಿಯೇ 'ಎಲೆಯ ಮೇಲೆ ಹೂ ಬಿಡುವ ಗಿಡ' ಎಂಬ ಮಾತು ರೂಢಿಗೆ ಬಂದಿದೆ. ಬೆಳೆದ ಕಾಂಡಗಳಲ್ಲಿ ಮುಳ್ಳುಗಳು ಕಾಣುವುದಿಲ್ಲ.

ಕಾಡಿನಲ್ಲಿ ಈ ಸಸ್ಯವು ಮರಗಳ ಕವಲು ಮತ್ತು ಬಂಡೆಗಳ ಸಂದುಗಳಲ್ಲಿ ನೆಲೆಗೊಂಡು, ಅಲ್ಲಿ ಸಂಗ್ರಹವಾದ ಕೊಳೆತ ಎಲೆಗಳಲ್ಲಿ ಬೇರು ಬಿಡುತ್ತದೆ. ಅದು ಮರದಿಂದ ಆಹಾರವನ್ನು ಹೀರುವುದಿಲ್ಲವಾದ್ದರಿಂದ ಪರಾವಲಂಬಿಯಲ್ಲ. ಮರುಭೂಮಿಯ ಕಳ್ಳಿಗಳಂತೆ ಇದಕ್ಕೆ ಸುಡುಬಿಸಿಲು ಹಿತವಲ್ಲ. ಚದುರಿದ ಬೆಳಕು, ಗಾಳಿಯಾಡುವ ಬೇರು ಮತ್ತು ಮಿತವಾದ ತೇವ ಇದರ ಮುಖ್ಯ ಅಗತ್ಯಗಳು.

ಹೂ ಅರಳುವ ಕ್ರಮ

ಕರ್ನಾಟಕದಲ್ಲಿ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಮಳೆಗಾಲದ ದಿನಗಳಲ್ಲಿ, ಹೂಗಳು ಕಾಣಿಸಿಕೊಳ್ಳುತ್ತವೆ. ಚಿಕ್ಕ ಮೊಗ್ಗು ಕಾಣಿಸಿದ ಕೆಲವು ವಾರಗಳ ಬಳಿಕ ಹೂ ಅರಳುತ್ತದೆ. ಮೊದಲು ಕೆಳಮುಖವಾಗಿ ಜೋಲುವ ಮೊಗ್ಗು ಬಲಿತಂತೆ ಕೊಕ್ಕೆಯಂತೆ ಮೇಲಕ್ಕೆ ಬಾಗುತ್ತದೆ. ಅರಳುವ ದಿನ ಸಂಜೆಗೆ ಅದು ಉಬ್ಬಿ, ಕತ್ತಲಾದ ಮೇಲೆ ತೆರೆಯಲು ತೊಡಗಿ, ನಡುರಾತ್ರಿಯ ಹೊತ್ತಿಗೆ ಪೂರ್ಣವಾಗಿ ಬಿರಿಯುತ್ತದೆ. ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುತ್ತದೆ.

ಬಿಳಿಯ ಬಣ್ಣ, ಉದ್ದನೆಯ ಕೊಳವೆ ಮತ್ತು ತೀವ್ರ ಪರಿಮಳ ರಾತ್ರಿ ಸಂಚರಿಸುವ ಪತಂಗಗಳನ್ನು ಸೆಳೆಯುವ ಲಕ್ಷಣಗಳು. ಮನೆಯಲ್ಲಿ ಬೆಳೆದ ಗಿಡಗಳಲ್ಲಿ ಕಾಯಿ ಕಟ್ಟುವುದು ಅಪರೂಪ.

ಬೆಳೆಸುವ ವಿಧಾನ

ಮಣ್ಣು: ರೋಣ ಮತ್ತು ನರಗುಂದದ ಸುತ್ತಲಿನ ಹೊಲಗಳಲ್ಲಿ ಎರೆಮಣ್ಣು ಹೆಚ್ಚು. ಹತ್ತಿ, ಬಿಳಿಜೋಳ ಮತ್ತು ಕಡಲೆಗೆ ಹೆಸರಾದ ಈ ಮಣ್ಣು ಕುಂಡದ ಬ್ರಹ್ಮಕಮಲಕ್ಕೆ ತಕ್ಕುದಲ್ಲ. ನೆನೆದಾಗ ಅಂಟಾಗಿ ನೀರನ್ನು ಬಹುಕಾಲ ಹಿಡಿದಿಡುವುದರಿಂದ ಬೇರು ಕೊಳೆಯುತ್ತದೆ. ಒಣಗಿದಾಗ ಬಿರುಕು ಬಿಟ್ಟು ಎಳೆಯ ಬೇರುಗಳು ಹರಿಯುತ್ತವೆ. ಆದ್ದರಿಂದ ಮಸಾರಿ ಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಸಗಣಿಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸುವುದು ಉತ್ತಮ. ಕುಂಡದ ತಳದಲ್ಲಿ ರಂಧ್ರಗಳಿರಬೇಕು. ಮಿಶ್ರಣಕ್ಕೆ ಇಟ್ಟಿಗೆ ಚೂರು ಅಥವಾ ತೆಂಗಿನ ನಾರನ್ನು ಸೇರಿಸಿದರೆ ಗಾಳಿಯಾಟ ಹೆಚ್ಚುತ್ತದೆ. ಬೇರು ಸ್ವಲ್ಪ ಇಕ್ಕಟ್ಟಾಗಿರುವ ಗಿಡ ಚೆನ್ನಾಗಿ ಹೂ ಬಿಡುವುದರಿಂದ ಅತಿ ದೊಡ್ಡ ಕುಂಡದ ಅವಶ್ಯಕತೆಯಿಲ್ಲ.

ನೀರು: ಮೇಲ್ಭಾಗದ ಮಣ್ಣು ಸುಮಾರು ಎರಡು ಬೆರಳಿನಷ್ಟು ಆಳದವರೆಗೆ ಒಣಗಿದ ಬಳಿಕವೇ ನೀರು ಹಾಕಬೇಕು. ಈ ಭಾಗದಲ್ಲಿ ಹಲವೆಡೆ ಕೊಳವೆ ಬಾವಿಯ ನೀರು ಸವುಳಾಗಿರುತ್ತದೆ. ಅಂತಹ ನೀರನ್ನು ನಿರಂತರವಾಗಿ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿ, ಕಾಂಡದ ತುದಿಗಳು ಒಣಗುತ್ತವೆ. ಸಂಗ್ರಹಿಸಿದ ಮಳೆನೀರು ಅಥವಾ ಕೆರೆಯ ಸಿಹಿನೀರು ಹೆಚ್ಚು ಹಿತಕರ. ಸವುಳು ನೀರನ್ನೇ ಬಳಸಬೇಕಾದಲ್ಲಿ, ಮಳೆ ಸುರಿಯುವಾಗ ಕುಂಡವನ್ನು ಕೆಲಹೊತ್ತು ಬಯಲಿನಲ್ಲಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

ಬೆಳಕು ಮತ್ತು ಉಷ್ಣತೆ: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರುತ್ತದೆ. ನೇರ ಬಿಸಿಲಿಗೆ ಸಿಕ್ಕ ಕಾಂಡ ಹಳದಿ ಅಥವಾ ಕೆಂಪಗಾಗಿ ಸುಡುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದಿಕ್ಕಿನ ಕಟ್ಟೆ, ಬೇವಿನ ಮರದ ನೆರಳು ಅಥವಾ ಹಸಿರು ಪರದೆಯ ಕೆಳಭಾಗ ಸೂಕ್ತ ಸ್ಥಳಗಳು. ಕಾದ ಕಾಂಕ್ರೀಟ್ ಮಾಳಿಗೆಯ ಮೇಲೆ ಕುಂಡವನ್ನು ನೇರವಾಗಿ ಇಡದೆ, ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಬೇಕು. ಆದರೆ ಪೂರ್ಣ ಕತ್ತಲೆಯ ಮೂಲೆಯಲ್ಲಿಟ್ಟ ಗಿಡದ ಕಾಂಡಗಳು ತೆಳ್ಳಗೆ ಉದ್ದವಾಗಿ ಬೆಳೆಯುತ್ತವೆಯೇ ಹೊರತು ಹೂ ಬಿಡುವುದಿಲ್ಲ.

ಗೊಬ್ಬರ: ಬೇಸಿಗೆಯ ಕೊನೆಯಿಂದ ಮಳೆಗಾಲದವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಸಾರಜನಕ ಅತಿಯಾದರೆ ಹಸಿರು ಹೆಚ್ಚಿ ಹೂ ಕಡಿಮೆಯಾಗುತ್ತದೆ. ಮೊಗ್ಗು ಕಾಣಿಸಿಕೊಂಡ ಮೇಲೆ ಕುಂಡದ ಸ್ಥಳವನ್ನು ಬದಲಿಸಬಾರದು; ಬೆಳಕು ಮತ್ತು ತೇವದ ಹಠಾತ್ ಬದಲಾವಣೆಯಿಂದ ಮೊಗ್ಗುಗಳು ಉದುರುತ್ತವೆ.

ಸಸ್ಯಾಭಿವೃದ್ಧಿ

ಬಲಿತ ಕಾಂಡದ 15ರಿಂದ 20 ಸೆಂಟಿಮೀಟರ್ ಉದ್ದದ ತುಂಡಿನಿಂದ ಹೊಸ ಗಿಡ ಪಡೆಯಬಹುದು. ಕತ್ತರಿಸಿದ ತುಂಡನ್ನು ಕೆಲವು ದಿನ ನೆರಳಿನಲ್ಲಿಟ್ಟು ಗಾಯ ಒಣಗಿದ ನಂತರ, ಬೆಳೆಯುತ್ತಿದ್ದ ದಿಕ್ಕಿನಲ್ಲಿಯೇ 3ರಿಂದ 5 ಸೆಂಟಿಮೀಟರ್ ಆಳಕ್ಕೆ ನೆಡಬೇಕು. ಹಸಿ ಗಾಯದೊಡನೆ ನೆಟ್ಟ ತುಂಡು ಕೊಳೆಯುವ ಸಂಭವ ಹೆಚ್ಚು. ಹೀಗೆ ಬೆಳೆಸಿದ ಗಿಡ ಸಾಮಾನ್ಯವಾಗಿ ಎರಡು-ಮೂರು ವರ್ಷಗಳಲ್ಲಿ ಹೂ ಬಿಡುತ್ತದೆ.

ಕೀಟ ಮತ್ತು ರೋಗ

ಹತ್ತಿಯಂತೆ ಕಾಣುವ ಹಿಟ್ಟು ತಿಗಣೆ ಮತ್ತು ಕಂದು ಚಿಪ್ಪಿನ ಶಲ್ಕ ಕೀಟ ಮುಖ್ಯ ಪೀಡೆಗಳು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬಹುದು. ಬುಡ ಮೆತ್ತಗಾಗಿ ಕಪ್ಪಾದರೆ ಅದು ಕೊಳೆರೋಗದ ಸೂಚನೆ. ಆಗ ಆರೋಗ್ಯಕರವಾದ ಮೇಲಿನ ಕಾಂಡವನ್ನು ಕತ್ತರಿಸಿ ಹೊಸದಾಗಿ ನೆಡುವುದೇ ಪರಿಹಾರ. ಸೊರಗಿದ ಗಿಡವನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತಷ್ಟು ನೀರು ಹಾಕುವುದರಿಂದಲೇ ಅನೇಕ ಗಿಡಗಳು ಸಾಯುತ್ತವೆ.

ಕ್ರಿಸ್ಮಸ್ ಕಳ್ಳಿಯೊಡನೆ ಹೋಲಿಕೆ

ಸಸ್ಯಾಲಯಗಳಲ್ಲಿ ದೊರೆಯುವ ಕ್ರಿಸ್ಮಸ್ ಕಳ್ಳಿಯು ಶ್ಲುಂಬರ್ಗೆರಾ ಕುಲಕ್ಕೆ ಸೇರಿದ್ದು, ಆಗ್ನೇಯ ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ಮೂಲದ್ದು. ಅದರ ಗೆಣ್ಣುಗೆಣ್ಣಾದ ಕಾಂಡದ ತುದಿಯಲ್ಲಿ ಗುಲಾಬಿ, ಕೆಂಪು ಅಥವಾ ಬಿಳಿ ಹೂಗಳು ಬಿಡುತ್ತವೆ. ಅವು ಹಲವು ದಿನ ಬಾಳುತ್ತವೆ. ಮೊಗ್ಗು ಮೂಡಲು ತಂಪಾದ, ದೀರ್ಘವಾದ ರಾತ್ರಿಗಳು ಬೇಕಾದ್ದರಿಂದ ಅಕ್ಟೋಬರ್ ನಂತರ ರಾತ್ರಿ ವಿದ್ಯುದ್ದೀಪದ ಬೆಳಕು ತಗುಲದ ಸ್ಥಳದಲ್ಲಿ ಇಡಬೇಕು. ಮಣ್ಣು, ನೆರಳು ಮತ್ತು ನೀರಿನ ವಿಷಯದಲ್ಲಿ ಎರಡಕ್ಕೂ ಬಹುಮಟ್ಟಿಗೆ ಒಂದೇ ಬಗೆಯ ಆರೈಕೆ ಸಲ್ಲುತ್ತದೆ. ಆದರೆ ಕ್ರಿಸ್ಮಸ್ ಕಳ್ಳಿ ಬಯಲುಸೀಮೆಯ ಬೇಸಿಗೆಯನ್ನು ಬ್ರಹ್ಮಕಮಲದಷ್ಟು ಸಹಿಸುವುದಿಲ್ಲ.

ನಂಬಿಕೆಗಳು ಮತ್ತು ತಪ್ಪು ತಿಳಿವಳಿಕೆಗಳು

ಹೂ ಅರಳುವ ರಾತ್ರಿ ನೆರೆಹೊರೆಯವರನ್ನು ಕರೆದು ತೋರಿಸುವುದು, ಗಿಡಕ್ಕೆ ಅರಿಸಿನ-ಕುಂಕುಮವಿಟ್ಟು ಆರತಿ ಬೆಳಗುವುದು ಅನೇಕ ಮನೆಗಳಲ್ಲಿ ರೂಢಿಯಲ್ಲಿದೆ. ಈ ಹೂ ಹಲವು ವರ್ಷಗಳಿಗೊಮ್ಮೆ ಮಾತ್ರ ಅರಳುತ್ತದೆ ಎಂಬ ಮಾತು ನಿಜವಲ್ಲ. ಚೆನ್ನಾಗಿ ಬೆಳೆದ ಗಿಡವು ಪ್ರತಿವರ್ಷವೂ, ಕೆಲವೊಮ್ಮೆ ಒಂದೇ ಮಳೆಗಾಲದಲ್ಲಿ ಎರಡು-ಮೂರು ಬಾರಿಯೂ ಹೂ ಬಿಡುತ್ತದೆ. ಒಂದೇ ರಾತ್ರಿ ಹತ್ತಾರು ಹೂಗಳು ಅರಳುವುದೂ ಉಂಟು. ಅಲ್ಪಾಯುಷ್ಯ ಹೂವಿನದೇ ಹೊರತು ಗಿಡದ್ದಲ್ಲ. ಒಂದು ತುಂಡು ಕಾಂಡದಿಂದ ಇನ್ನೊಂದು ಮನೆಗೆ ಸಾಗುತ್ತ ಅದೇ ಗಿಡ ತಲೆಮಾರುಗಳವರೆಗೆ ಉಳಿಯಬಲ್ಲದು.