ಒಂದೇ ಹೆಸರಿನ ಇಬ್ಬರು ರಾಣಿಯರು

ಕನ್ನಡ ನಾಡಿನ ವೀರವನಿತೆಯರನ್ನು ಹೆಸರಿಸಿರೆಂದರೆ ಮೊದಲು ನಾಲಗೆಗೆ ಬರುವ ಹೆಸರು ಚೆನ್ನಮ್ಮ. ಯಾವ ಚೆನ್ನಮ್ಮ ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಅನೇಕರು ತಡವರಿಸುತ್ತಾರೆ. ಶಿವಾಜಿಯ ಮಗನಿಗೆ ಆಶ್ರಯವಿತ್ತವಳು ಕಿತ್ತೂರಿನ ರಾಣಿಯೆಂದೂ, ಇಂಗ್ಲಿಷರ ಕಲೆಕ್ಟರನನ್ನು ಎದುರಿಸಿ ನಿಂತವಳು ಕೆಳದಿಯ ರಾಣಿಯೆಂದೂ ಅದಲುಬದಲಾಗಿ ಹೇಳುವವರುಂಟು. ಇಬ್ಬರನ್ನೂ ಒಬ್ಬಳೇ ಎಂದು ಬಗೆದವರೂ ಇಲ್ಲದಿಲ್ಲ.

ಈ ಗೊಂದಲಕ್ಕೆ ಹೆಸರೊಂದೇ ಕಾರಣವಲ್ಲ. ಇಬ್ಬರೂ ವೀರಶೈವ ಮನೆತನದ ಹೆಣ್ಣುಮಕ್ಕಳು. ಇಬ್ಬರೂ ಅರಸುಮನೆಗೆ ಸೊಸೆಯಾಗಿ ಬಂದು, ಪತಿಯನ್ನು ಕಳೆದುಕೊಂಡು, ರಾಜ್ಯದ ಹೊಣೆ ಹೊತ್ತವರು. ತಮಗಿಂತ ಎಷ್ಟೋ ಪಾಲು ಬಲಿಷ್ಠನಾದ ವೈರಿಯೊಡನೆ ಇಬ್ಬರೂ ಸೆಣಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಇಬ್ಬರ ಬಾಳಿನಲ್ಲಿಯೂ ದತ್ತುಪುತ್ರನ ಪ್ರಶ್ನೆಯೇ ಸಂಕಟದ ಬೀಜವಾಯಿತು. ಹೋಲಿಕೆ ಇಷ್ಟಿದ್ದರೂ ಒಬ್ಬಳು ಗೆದ್ದಳು, ಇನ್ನೊಬ್ಬಳು ಸೆರೆಮನೆಯಲ್ಲಿ ಕಣ್ಣುಮುಚ್ಚಿದಳು. ಇದು ಹೀಗೇಕಾಯಿತೆಂಬುದನ್ನು ಅರಿಯಬೇಕಾದರೆ ಇಬ್ಬರ ಕಥೆಯನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಹೆಸರಿನ ಬಗೆಗೆ ಒಂದು ಮಾತು. ‘ಚೆನ್ನ’ ಎಂದರೆ ಚೆಲುವ. ಅಕ್ಕಮಹಾದೇವಿ ತನ್ನ ಆರಾಧ್ಯದೈವವನ್ನು ಕರೆದದ್ದು ಚೆನ್ನಮಲ್ಲಿಕಾರ್ಜುನನೆಂದು. ಬಸವಣ್ಣನವರ ಸೋದರಳಿಯನ ಹೆಸರು ಚೆನ್ನಬಸವಣ್ಣ. ಹೀಗಿರುವಾಗ ವೀರಶೈವರ ಮನೆಗಳಲ್ಲಿ ಚೆನ್ನಬಸಪ್ಪ, ಚೆನ್ನವೀರಪ್ಪ, ಚೆನ್ನಮ್ಮ ಎಂಬ ಹೆಸರುಗಳು ತಲೆತಲಾಂತರದಿಂದ ಬಂದುದರಲ್ಲಿ ಸೋಜಿಗವೇನಿದೆ? ಇತಿಹಾಸ ಅವರಲ್ಲಿ ಇಬ್ಬರನ್ನು ಆರಿಸಿಕೊಂಡಿತು, ಅಷ್ಟೆ.

ಮಲೆನಾಡಿನ ಒಡತಿ

ಮೊದಲನೆಯವಳು ಕೆಳದಿಯ ಚೆನ್ನಮ್ಮಾಜಿ. ವಿಜಯನಗರದ ಅರಸರ ಆಶ್ರಯದಲ್ಲಿ ಬೆಳೆದು, ಅದು ಕುಸಿದ ಮೇಲೆ ಸ್ವತಂತ್ರವಾಗಿ ತಲೆಯೆತ್ತಿದ ನಾಯಕ ಮನೆತನ ಕೆಳದಿಯದು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಸ್ಥಳಾಂತರಗೊಂಡಿತು. ಆ ಬಿದನೂರೇ ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರ. ಘಟ್ಟದ ಮೇಲಿನ ಅಡಕೆ ಮೆಣಸುಗಳೂ ಘಟ್ಟದ ಕೆಳಗಿನ ರೇವುಪಟ್ಟಣಗಳೂ ಈ ನಾಯಕರ ಕೈಯಲ್ಲಿದ್ದುವು. ಆದುದರಿಂದಲೇ ಅವರ ಬೊಕ್ಕಸದ ಮೇಲೆ ಸುತ್ತಲಿನವರ ಕಣ್ಣು.

ಚೆನ್ನಮ್ಮಾಜಿ ರಾಜಪುತ್ರಿಯಲ್ಲ, ಕೋಟೆಪುರದ ವರ್ತಕ ಸಿದ್ದಪ್ಪಶೆಟ್ಟಿಯ ಮಗಳು. 1664ರಲ್ಲಿ ಪಟ್ಟವೇರಿದ್ದ ಸೋಮಶೇಖರ ನಾಯಕ ಆಕೆಯ ರೂಪಕ್ಕೆ ಮಾರುಹೋಗಿ ಮದುವೆಯಾದನೆಂದು ಹೇಳುತ್ತಾರೆ. ಮುಂದೆ ಅರಸ ದುರ್ಜನರ ಸಹವಾಸಕ್ಕೆ ಬಿದ್ದು ಬುದ್ಧಿಸ್ಥಿಮಿತವನ್ನು ಕಳೆದುಕೊಂಡ, ಕೊನೆಗೆ ಕೊಲೆಯಾದ. ಮಕ್ಕಳಿಲ್ಲದ ಅರಮನೆಯಲ್ಲಿ ಉತ್ತರಾಧಿಕಾರಿಯ ಪ್ರಶ್ನೆ ಎದ್ದಿತು. ಆಸ್ಥಾನದ ಪ್ರಬಲರು ತಮ್ಮ ತಮ್ಮ ಪಕ್ಷದ ಹುಡುಗರನ್ನು ದತ್ತು ಕೊಡಿಸಲು ಹವಣಿಸಿದರು. ಇದೇ ಸಮಯವೆಂದು ವಿಜಾಪುರದ ಸೈನ್ಯ ಬಿದನೂರಿನ ಮೇಲೆರಗಿತು. ರಾಣಿ ರಾಜಧಾನಿಯನ್ನು ಬಿಟ್ಟು ಕವಲೇದುರ್ಗವೆಂದು ಹೆಸರಾದ ಭುವನಗಿರಿ ದುರ್ಗಕ್ಕೆ ತೆರಳಿ, ಅಲ್ಲಿಂದ ಪಡೆ ಕಟ್ಟಿ ರಾಜ್ಯವನ್ನು ಉಳಿಸಿಕೊಂಡಳು. 1672ರಲ್ಲಿ ಆಕೆಯ ಪಟ್ಟಾಭಿಷೇಕ ನಡೆದದ್ದೂ ಆ ದುರ್ಗದಲ್ಲಿಯೇ. ಅನಂತರ ಯಾರ ಒತ್ತಾಯಕ್ಕೂ ಮಣಿಯದೆ, ತಾನೇ ಆರಿಸಿದ ಬಸಪ್ಪನೆಂಬ ಬಾಲಕನನ್ನು ದತ್ತು ಸ್ವೀಕರಿಸಿದಳು. ಮಗ ಬೆಳೆಯುವವರೆಗೆ, ಸುಮಾರು 25 ವರ್ಷಗಳ ಕಾಲ, ಆಡಳಿತದ ಸೂತ್ರ ಆಕೆಯ ಕೈಯಲ್ಲಿಯೇ ಇದ್ದಿತು. ಚನ್ನಗಿರಿ ಎಂಬ ಊರಿಗೆ ಆ ಹೆಸರು ಬಂದದ್ದು ಈ ರಾಣಿಯಿಂದಲೇ ಎಂಬ ಪ್ರತೀತಿಯಿದೆ.

ಆಕೆಯ ಕೀರ್ತಿ ನಾಡಿನಾಚೆಗೂ ಹಬ್ಬಿದ್ದು 1689ರಲ್ಲಿ. ವಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ವಶವಾಗಿದ್ದುವು. 1689ರ ಮಾರ್ಚ್ ತಿಂಗಳಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಬಾದಶಹ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ದೂರದ ಜಿಂಜಿಯ ಕೋಟೆಗೆ ಹೊರಟ. ದಾರಿ ಇದ್ದದ್ದು ಕೆಳದಿಯ ಸೀಮೆಯ ಮೂಲಕ. ಆತನಿಗೆ ನೆರವಾಗುವುದೆಂದರೆ ಅಖಂಡ ಭಾರತಕ್ಕೆ ಒಡೆಯನೆನಿಸಿದವನ ಕೋಪವನ್ನು ಮನೆಗೆ ಕರೆದಂತೆ. ಆದರೂ ಮರೆಹೊಕ್ಕವನನ್ನು ಕೈಬಿಡುವುದು ರಾಣಿಗೆ ಸಲ್ಲದ ಮಾತಾಗಿ ಕಂಡಿತು. ಆಕೆಯ ಸಹಾಯದಿಂದ ರಾಜಾರಾಮ ಆ ಸೀಮೆಯನ್ನು ದಾಟಿ ಸುರಕ್ಷಿತವಾಗಿ ಜಿಂಜಿಯನ್ನು ಸೇರಿದ.

ಸುದ್ದಿ ತಿಳಿದ ಔರಂಗಜೇಬ ಜಾನ್ ನಿಸಾರ್ ಖಾನ್ ಮೊದಲಾದ ಸರದಾರರನ್ನು ಕೆಳದಿಯ ಮೇಲೆ ಕಳುಹಿಸಿದ. ಬಯಲುಸೀಮೆಯ ಕುದುರೆಗಳಿಗೆ ಮಲೆನಾಡಿನ ಕಣಿವೆ, ಕಾಡು, ಕೆಸರುಗಳ ಪರಿಚಯವಿರಲಿಲ್ಲ. ಇಕ್ಕಟ್ಟಾದ ದಾರಿಗಳಲ್ಲಿ ಕೆಳದಿಯ ಪಡೆ ಮೊಗಲರನ್ನು ತಡೆಯಿತು. ಕಡೆಗೆ ಸಂಧಿಯಾಯಿತು. ರಾಜ್ಯವೂ ಉಳಿಯಿತು, ಕೊಟ್ಟ ಮಾತೂ ಉಳಿಯಿತು.

1697ರಲ್ಲಿ ದತ್ತುಪುತ್ರ ಬಸಪ್ಪ ನಾಯಕ ಆಡಳಿತ ವಹಿಸಿಕೊಂಡು 1714ರವರೆಗೆ ಆಳಿದ. ಸಂಸ್ಕೃತದಲ್ಲಿ ಬೃಹತ್ ವಿಶ್ವಕೋಶವೆನಿಸಿದ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ಪಂಡಿತ ಈತನೇ. ತಾಯಿ ಆರಿಸಿದ ಮಗು ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಿತ್ತೂರಿನ ಕೋಟೆ

ಇನ್ನು ಒಂದೂವರೆ ಶತಮಾನ ಮುಂದೆ ಬರೋಣ. ಅಷ್ಟು ಹೊತ್ತಿಗೆ ಕೆಳದಿಯೇ ಉಳಿದಿರಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡಿದ್ದ. ಉತ್ತರದಲ್ಲಿ ಧಾರವಾಡ ಬೆಳಗಾವಿಗಳ ನಡುವೆ ಕಿತ್ತೂರಿನ ದೇಸಾಯರ ಸಂಸ್ಥಾನ ಪೇಶ್ವೆಯರ ಕಾಟವನ್ನು ಸಹಿಸಿಕೊಂಡು ಬಾಳುತ್ತಿದ್ದಿತು. ಬೆಳಗಾವಿಯ ಬಳಿಯ ಕಾಕತಿಯಲ್ಲಿ 1778ರಲ್ಲಿ ಜನಿಸಿದ ಚೆನ್ನಮ್ಮ, ದೇಸಾಯಿ ಮಲ್ಲಸರ್ಜನ ಕಿರಿಯ ರಾಣಿಯಾಗಿ ಕಿತ್ತೂರಿಗೆ ಬಂದಳು. ಪೇಶ್ವೆಯ ಬಂಧನದಲ್ಲಿ ಆರೋಗ್ಯಗೆಟ್ಟ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ದೇಸಾಯಿಯಾದ. 1818ರಲ್ಲಿ ಪೇಶ್ವೆಯ ವಿರುದ್ಧ ಇಂಗ್ಲಿಷರಿಗೆ ನೆರವಾದ ಈತ, ಅವರಿಗೆ ವರ್ಷವರ್ಷವೂ ಕಪ್ಪ ಸಲ್ಲಿಸುವ ಕರಾರಿನ ಮೇಲೆ ಸಂಸ್ಥಾನವನ್ನು ಉಳಿಸಿಕೊಂಡ.

1824ರ ಸೆಪ್ಟೆಂಬರಿನಲ್ಲಿ ಈ ತರುಣ ದೇಸಾಯಿಯೂ ಸಂತಾನವಿಲ್ಲದೆ ಮರಣಹೊಂದಿದ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿದ್ದನೆಂದು ಕಿತ್ತೂರಿನವರು ತಿಳಿಸಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಪತ್ರದ ಸಾಚಾತನವನ್ನೇ ಶಂಕಿಸಿದ. ಕಂಪನಿಯ ಒಪ್ಪಿಗೆಯಿಲ್ಲದ ದತ್ತಕ ಸಿಂಧುವಲ್ಲವೆಂದು ಸಾರಿ, ಬೊಕ್ಕಸಕ್ಕೆ ಮೊಹರು ಹಾಕಿಸಿ ಕಾವಲಿರಿಸಿದ. ಚೆನ್ನಮ್ಮ ಮೊದಲು ಹಿಡಿದದ್ದು ಲೇಖನಿಯನ್ನು, ಖಡ್ಗವನ್ನಲ್ಲ. ದಖ್ಖನಿನ ಕಮಿಷನರ್ ಚಾಪ್ಲಿನ್‌ನಿಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನಿಗೂ ಬಿನ್ನಹಗಳು ಹೋದುವು, ಫಲವಾಗಲಿಲ್ಲ.

ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಥ್ಯಾಕರೆ ಬೆದರಿಕೆ ಹಾಕಿದ. ಬಾಗಿಲು ತೆರೆಯಿತು, ಆದರೆ ಹೊರಗೆ ನುಗ್ಗಿದ್ದು ಸರದಾರ ಗುರುಸಿದ್ದಪ್ಪನ ನೇತೃತ್ವದ ಕಿತ್ತೂರಿನ ಪಡೆ. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ರಾಣಿ ಅವರ ಕೂದಲು ಕೊಂಕದಂತೆ ನೋಡಿಕೊಂಡು, ಸಂಧಾನದ ಆಸೆಯಿಂದ ಡಿಸೆಂಬರ್ ಆರಂಭದಲ್ಲಿ ಬಿಡುಗಡೆ ಮಾಡಿದಳು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳನ್ನು ಸಂಗ್ರಹಿಸಿ ಚಾಳುಕ್ಯರ ಚರಿತ್ರೆಗೆ ಬುನಾದಿ ಹಾಕಿದ ವಿದ್ವಾಂಸ. ಕಿತ್ತೂರಿನ ಕರುಣೆಯಿಂದ ಉಳಿದ ಜೀವವೊಂದು ಹೀಗೆ ಕನ್ನಡಕ್ಕೆ ಉಪಕಾರ ಮಾಡಿತು.

ಸೆರೆಯಾಳುಗಳು ಹಿಂದಿರುಗಿದರೂ ಯುದ್ಧ ನಿಲ್ಲಲಿಲ್ಲ. ದೊಡ್ಡ ತೋಪುಗಳೊಡನೆ ಬಂದ ಕಂಪನಿಯ ಸೈನ್ಯ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯನ್ನು ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿರಿಸಿದರು. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ಇಹಲೋಕವನ್ನು ತ್ಯಜಿಸಿದಳು. ಬಾಲಕ ಶಿವಲಿಂಗಪ್ಪನನ್ನು ಗದ್ದುಗೆಗೇರಿಸಲು ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಪ್ರಶ್ನೆ ಒಂದೇ, ಉತ್ತರ ಎರಡು

ಇಬ್ಬರು ರಾಣಿಯರ ಧೈರ್ಯದಲ್ಲಿ ಹೆಚ್ಚುಕಡಿಮೆಯನ್ನು ಹುಡುಕುವುದು ವ್ಯರ್ಥ. ಭೇದವಿದ್ದದ್ದು ಅವರ ಕಾಲದಲ್ಲಿ. ಕೆಳದಿಯ ರಾಣಿಗೆ ಎದುರಾದವರು ಯಾರ ಮಗು ದತ್ತಾಗಬೇಕೆಂದು ಜಗಳವಾಡಿದರೇ ಹೊರತು, ವಿಧವೆಯೊಬ್ಬಳು ದತ್ತು ತೆಗೆದುಕೊಳ್ಳಬಾರದೆನ್ನಲಿಲ್ಲ. ದತ್ತುಮಗ ಹೊಟ್ಟೆಯ ಮಗನಿಗೆ ಸಮಾನನೆಂಬ ಧರ್ಮವನ್ನು ಶತ್ರುಮಿತ್ರರಿಬ್ಬರೂ ಒಪ್ಪಿದ್ದರು. ರಣದಲ್ಲಿ ಗೆದ್ದರೆ ಮಾತು ಮುಗಿಯುತ್ತಿತ್ತು. ಕಿತ್ತೂರಿನ ರಾಣಿಯ ಎದುರಾಳಿಯಾದರೋ ಆ ಧರ್ಮವನ್ನೇ ಬದಿಗೊತ್ತಿ, ಸಂಸ್ಥಾನದ ವಾರಸನು ಯಾರೆಂಬುದನ್ನು ತನ್ನ ಕಚೇರಿಯ ಕಾಗದವೇ ನಿರ್ಧರಿಸಬೇಕೆಂದ. ಒಬ್ಬ ಕಲೆಕ್ಟರ್ ಸತ್ತರೆ ಮತ್ತೊಬ್ಬ ಬಂದ. ಒಂದು ದಂಡು ಸೋತರೆ ಅದಕ್ಕಿಂತ ದೊಡ್ಡ ದಂಡು ಬಂದಿತು. ಡಾಲ್‌ಹೌಸಿ 1848ರಿಂದೀಚೆಗೆ ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ ನೀತಿಯ ಪೆಟ್ಟನ್ನು ಕಿತ್ತೂರು 24 ವರ್ಷ ಮೊದಲೇ ಉಂಡಿತ್ತು.

ಜನಸ್ಮರಣೆಯ ತಕ್ಕಡಿ ಮಾತ್ರ ವಿಚಿತ್ರವಾದುದು. ಸೋತ ಕಿತ್ತೂರಿನ ರಾಣಿ ಲಾವಣಿಗಳಲ್ಲಿ ಬಾಳಿದಳು, 1961ರಲ್ಲಿ ಬಿ. ಆರ್. ಪಂತುಲು ಅವರ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರ ರೂಪದಲ್ಲಿ ಮನೆಮನೆಯನ್ನೂ ಮುಟ್ಟಿದಳು. 2007ರಲ್ಲಿ ಆಕೆಯ ಪ್ರತಿಮೆ ದೆಹಲಿಯ ಸಂಸತ್ತಿನ ಆವರಣವನ್ನು ಸೇರಿತು. ಗೆದ್ದ ಕೆಳದಿಯ ರಾಣಿಯ ಕಥೆಯಾದರೋ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಂಥ ಗ್ರಂಥಗಳಲ್ಲಿಯೇ ಬಹುಕಾಲ ಉಳಿಯಿತು. ಆದುದರಿಂದಲೇ ಆಕೆಯ ಸಾಹಸವನ್ನೂ ಜನರು ತಮಗೆ ತಿಳಿದ ಚೆನ್ನಮ್ಮನ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಇದರಿಂದ ಕಿತ್ತೂರಿನವಳ ಕೀರ್ತಿಗೆ ಹೊಸದಾಗಿ ಸೇರುವುದೇನೂ ಇಲ್ಲ. ಕೆಳದಿಯವಳಿಗೆ ಮಾತ್ರ ಇರುವುದೂ ಹೋಗುತ್ತದೆ.

ಕಿತ್ತೂರಿನ ಹಾಳುಬಿದ್ದ ಅರಮನೆಯ ಬಳಿಯಲ್ಲಿಯೂ, ಸಾಗರದ ಸಮೀಪದ ಕೆಳದಿಯಲ್ಲಿಯೂ ಆಯಾ ಮನೆತನದ ಕಾಲದ ವಸ್ತುಗಳನ್ನು ಸಂಗ್ರಹಿಸಿಟ್ಟ ವಸ್ತುಸಂಗ್ರಹಾಲಯಗಳಿವೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ಒಂದು ವರ್ಷ ಒಂದನ್ನು, ಮರುವರ್ಷ ಇನ್ನೊಂದನ್ನು ತೋರಿಸಿದರೆ, ಆ ಮಕ್ಕಳು ಮುಂದೆಂದೂ ಈ ಇಬ್ಬರನ್ನು ಒಬ್ಬಳೆಂದು ಬಗೆಯಲಾರರು.