ಕಡತಗಳ ಕಣಜ

ಒಕ್ಕಲುತನದ ಮನೆಯಲ್ಲಿ ಒಂದೆರಡು ಚೀಲ ಕಾಳಿದ್ದಾಗ ಮೂಲೆಯೊಂದು ಸಾಕು. ರಾಶಿ ಹೆಚ್ಚಿದಾಗ ಕಣಜ ಬೇಕಾಗುತ್ತದೆ. ಕಣಜ ಕಟ್ಟುವ ರೈತನು ಅದರ ಅಳತೆಯನ್ನಷ್ಟೇ ನೋಡುವುದಿಲ್ಲ. ಕೀಲಿ ಯಾರ ಕೈಯಲ್ಲಿರಬೇಕು, ಕಾಳಿಗೆ ಹುಳು ಬಿದ್ದರೆ ಬಿತ್ತನೆಯ ಬೀಜಕ್ಕೆ ಗತಿಯೇನು ಎಂಬುದನ್ನೂ ಯೋಚಿಸುತ್ತಾನೆ. ಬೆಳೆಯುತ್ತಿರುವ ಅಂಗಡಿಯ ಲೆಕ್ಕಪತ್ರಗಳಿಗೂ ಇದೇ ವಿವೇಕ ಬೇಕು.

ವಿಜಯಪುರ ಜಿಲ್ಲೆಯು ದ್ರಾಕ್ಷಿಗೆ ಹೆಸರಾದುದು. ಅಲ್ಲಿಯ ಮಸೂತಿಯಂಥ ಊರಿನಲ್ಲಿ ಒಣದ್ರಾಕ್ಷಿಯ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಮೊದಲು ಅಲ್ಲಿದ್ದುದು ಒಂದೇ ಗಣಕಯಂತ್ರ. ವ್ಯಾಪಾರ ಬೆಳೆದು ಆರು ಯಂತ್ರಗಳಾದವು. ಒಬ್ಬನು ದರಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ತಿದ್ದುತ್ತಾನೆ. ಇನ್ನೊಬ್ಬನು ಹಳೆಯ ಪಟ್ಟಿಯನ್ನೇ ನಂಬಿ ರೈತನಿಗೆ ಹಣ ಎಣಿಸುತ್ತಾನೆ. ಒಂದೇ ಪಟ್ಟಿಗೆ ಆರು ರೂಪಗಳು! ಆಗ ಕಡತಗಳನ್ನೆಲ್ಲ ಒಂದೆಡೆ ಇರಿಸಿ, ಜಾಲದ ಮೂಲಕ ಎಲ್ಲರಿಗೂ ಒದಗಿಸುವ ಯಂತ್ರವು ಅಗತ್ಯವಾಗುತ್ತದೆ. ಅದನ್ನೇ ಫೈಲ್ ಸರ್ವರ್ ಎನ್ನುವರು.

ಇದಕ್ಕೆ ಹಲವು ಮಾರ್ಗಗಳುಂಟು. ಇರುವ ಯಂತ್ರಗಳಲ್ಲಿ ಒಂದನ್ನೇ ಉಳಿದವರಿಗೆ ತೆರೆದಿಡಬಹುದು. ಖರ್ಚಿಲ್ಲ, ಆದರೆ ಅದು ಆರಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ನ್ಯಾಸ್ ಎಂಬ ಡಿಸ್ಕ್ ಪೆಟ್ಟಿಗೆಯನ್ನು ಜಾಲಕ್ಕೆ ಜೋಡಿಸಬಹುದು. ಅದಕ್ಕೆ ವಿದ್ಯುತ್ತು ಕಡಿಮೆ, ನಿರ್ವಹಣೆ ಸುಲಭ. ಹಳೆಯ ಗಣಕದಲ್ಲಿ ಲಿನಕ್ಸ್ ಹಾಕಿ, ಸಾಂಬಾ ಎಂಬ ಉಚಿತ ತಂತ್ರಾಂಶದಿಂದ ವಿಂಡೋಸ್ ಯಂತ್ರಗಳಿಗೆ ಕಡತ ಒದಗಿಸಬಹುದು. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ 1992ರಲ್ಲಿ ಹೊರತಂದ ಈ ತಂತ್ರಾಂಶವನ್ನು ಅಳವಡಿಸಲು ತಿಳಿದವರ ನೆರವು ಬೇಕು. ಅಂತರಜಾಲದ ಮೂಲಕ ದೂರದ ಉಗ್ರಾಣವನ್ನು ಬಾಡಿಗೆಗೆ ಹಿಡಿಯಲೂಬಹುದು. ಆದರೆ ಸಂಪರ್ಕ ಕಡಿದ ದಿನ ಅದರ ಬಾಗಿಲು ತೆರೆಯದು. ಹಾಸಿಗೆಯಿದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಲೇಸು.

ಯಂತ್ರ ಯಾವುದೇ ಇರಲಿ, ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ನೋಡುವವರು ಯಾರು, ತಿದ್ದುವವರು ಯಾರು ಎಂಬುದು ಮೊದಲನೆಯದು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಗಣಕಕ್ಕೇರಿದವು. ಪಹಣಿಯ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದಾಗಿತ್ತು. ತಿದ್ದುವ ಅಧಿಕಾರಿಯಾದರೋ ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕಾಗಿತ್ತು. ಅಂಗಡಿಯಲ್ಲೂ ಪ್ರತಿಯೊಬ್ಬನಿಗೆ ಬೇರೆ ಹೆಸರು, ಬೇರೆ ಗುಪ್ತಪದ ಇರುವುದು ಉಚಿತ.

ಕಡತ ಕಳೆದರೆ ಮರಳಿ ಪಡೆಯುವ ಬಗೆ ಹೇಗೆ ಎಂಬುದು ಎರಡನೆಯದು. ಸರ್ವರಿನಲ್ಲಿ ಎರಡು ಡಿಸ್ಕುಗಳನ್ನಿಟ್ಟು, ಒಂದರ ಬರಹ ಇನ್ನೊಂದರಲ್ಲೂ ಮೂಡುವಂತೆ ಮಾಡಬಹುದು. ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ. ಆದರೆ ಕೈತಪ್ಪಿ ಅಳಿಸಿದ ಲೆಕ್ಕವು ಎರಡರಲ್ಲೂ ಅಳಿಯುತ್ತದೆ. ಬೆಂಕಿ, ಕಳವುಗಳಿಗೆ ಎರಡೂ ಒಟ್ಟಿಗೆ ತುತ್ತಾಗುತ್ತವೆ. ಆದುದರಿಂದ ಬೇರೊಂದು ಪ್ರತಿಯು ಬೇರೊಂದು ಮನೆಯಲ್ಲಿರಲೇಬೇಕು.

ವಿಜಯಪುರದ ಫ. ಗು. ಹಳಕಟ್ಟಿಯವರು ತಾಡವೋಲೆಗಳಿಗಾಗಿ ಮನೆಮನೆ ಅಲೆದು, ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಹಿಂದಿನವರು ಓಲೆಗಳನ್ನು ಪ್ರತಿಮಾಡಿ ಹಲವೆಡೆ ಕಾಪಾಡಿದ್ದರಿಂದಲೇ ಆ ನುಡಿಗಳು ನಮ್ಮವರೆಗೆ ಬಂದವು. ಒಂದೇ ಕಟ್ಟು ಒಂದೇ ಪೆಟ್ಟಿಗೆಯಲ್ಲಿದ್ದಿದ್ದರೆ ಗೆದ್ದಲಿಗೆ ಒಂದು ಮಳೆಗಾಲ ಸಾಕಾಗುತ್ತಿತ್ತು.

ಪ್ರತಿಯಿದ್ದರೆ ಸಾಲದು, ತಿಂಗಳಿಗೊಮ್ಮೆಯಾದರೂ ಅದರಿಂದ ಕಡತವೊಂದನ್ನು ತೆರೆದು ನೋಡಬೇಕು. ಮಾಲು ಕೊಟ್ಟು ಹಣಕ್ಕೆ ಕಾದಿರುವ ರೈತನ ವರ್ಷದ ದುಡಿಮೆಯೇ ಆ ಲೆಕ್ಕದಲ್ಲಿರುತ್ತದೆ. ಅದನ್ನು ಕಾಯುವುದು ವ್ಯಾಪಾರದ ಜಾಣ್ಮೆಯೂ ಹೌದು, ಧರ್ಮವೂ ಹೌದು.